ಅರ್ಧಕ್ಕೆ ನಿಂತ ಸುಧಾರಣೆ: ಬಸೂನ್ ತನ್ನ ದನಿ ಉಳಿಸಿಕೊಂಡ ಚರಿತ್ರೆ

1855ರಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವಪ್ರದರ್ಶನ ನಡೆದಾಗ ಯಂತ್ರಯುಗದ ಆತ್ಮವಿಶ್ವಾಸ ನೆತ್ತಿಗೇರಿತ್ತು. ಓಬೋ ತಯಾರಿಕೆಯಲ್ಲಿ ಯುರೋಪಿನಲ್ಲೆಲ್ಲ ಹೆಸರು ಮಾಡಿದ್ದ ಟ್ರಿಯೆಬೆರ್ ಕಾರ್ಯಾಗಾರವು ಮಾರ್ಜೋಲಿ ಎಂಬ ಕುಶಲಿಯ ಜೊತೆಗೂಡಿ ಹೊಸ ಬಗೆಯ ಬಸೂನೊಂದನ್ನು ರೂಪಿಸಿದ್ದು ಆ ಹೊತ್ತಿನಲ್ಲೇ. ಅದರ ಹಿಂದಿದ್ದ ತತ್ತ್ವ ಮ್ಯೂನಿಕ್‌ನ ಥಿಯೊಬಾಲ್ಡ್ ಬೋಮ್ ಕೊಳಲಿಗೆ ಹಾಕಿಕೊಟ್ಟದ್ದು. ಸ್ವರದ ತೂತು ಎಲ್ಲಿರಬೇಕು, ಎಷ್ಟು ಅಗಲವಿರಬೇಕು ಎಂಬುದನ್ನು ಬೆರಳಿನ ಅನುಕೂಲ ನಿರ್ಧರಿಸಬಾರದು, ಧ್ವನಿಶಾಸ್ತ್ರ ನಿರ್ಧರಿಸಬೇಕು. ಬೆರಳು ಮುಟ್ಟದ ಕಡೆಗೆ ಲೋಹದ ಸರಳುಗಳೂ ಮುಚ್ಚಳಗಳೂ ತಲುಪಲಿ. ಆ ಕಾಲದ ಯಾವ ತರ್ಕದಿಂದ ನೋಡಿದರೂ ಬಸೂನಿನ ಭವಿಷ್ಯ ಇದೇ ಆಗಬೇಕಿತ್ತು. ಆಗಲಿಲ್ಲ. ಆ ವಾದ್ಯ ಆರ್ಕೆಸ್ಟ್ರಾಗಳಲ್ಲಿ ಬೇರೂರಲೇ ಇಲ್ಲ. ಮುಂದಿನ ನೂರು ವರ್ಷಗಳಲ್ಲಿ ಜಗತ್ತಿನ ಬಹುಪಾಲು ಆರ್ಕೆಸ್ಟ್ರಾಗಳನ್ನು ಗೆದ್ದದ್ದು ರೈನ್ ನದಿಯ ದಂಡೆಯ ಬೀಬ್ರಿಶ್ ಎಂಬ ಊರಿನಲ್ಲಿ 1831ರಲ್ಲಿ ಶುರುವಾದ ಚಿಕ್ಕ ಕಾರ್ಯಾಗಾರದ ಬಸೂನು. ಹಳೆಯ ವಾದ್ಯದ ಓರೆ ತೂತುಗಳನ್ನೂ ತೊಡಕಿನ ಬೆರಳುಗಾರಿಕೆಯನ್ನೂ ಅದು ಬಹುಮಟ್ಟಿಗೆ ಹಾಗೆಯೇ ಇಟ್ಟುಕೊಂಡಿತ್ತು. ಪೂರ್ತಿ ಸುಧಾರಣೆ ಸೋತು ಅರ್ಧ ಸುಧಾರಣೆ ಗೆದ್ದದ್ದು ಆಕಸ್ಮಿಕವಲ್ಲ ಎಂಬುದು ಈ ಲೇಖನದ ವಾದ. ಬಸೂನಿನ ದೋಷಗಳೂ ಅದರ ದನಿಯೂ ಒಂದೇ ಮೂಲದಿಂದ ಹುಟ್ಟಿದವು. ದೋಷವನ್ನು ಬುಡಸಮೇತ ಕಿತ್ತವರು ದನಿಯನ್ನೂ ಕಿತ್ತರು. ಎಲ್ಲಿ ಕೈ ತಡೆಯಬೇಕೆಂದು ತಿಳಿದವರು ವಾದ್ಯವನ್ನು ಉಳಿಸಿದರು.

ಈ ಮಾತು ಮನದಟ್ಟಾಗಬೇಕಾದರೆ ವಾದ್ಯದ ಒಡಲನ್ನು ಹತ್ತಿರದಿಂದ ನೋಡಬೇಕು. ನಾದ ಹುಟ್ಟುವ ಬಗೆಯಲ್ಲಿ ಬಸೂನು ನಮ್ಮ ನಾಗಸ್ವರ, ಶಹನಾಯಿಗಳ ಬಳಗಕ್ಕೆ ಸೇರಿದ್ದು. ರೀಡ್ ಎನ್ನುವ ಜೊಂಡಿನ ಎರಡು ತೆಳು ಪಟ್ಟಿಗಳು ತುಟಿಗಳ ನಡುವೆ ಕಂಪಿಸುತ್ತವೆ. ಬಾಯಿಂದ ದೂರ ಹೋದಂತೆ ಹಿಗ್ಗುತ್ತ ಹೋಗುವ ಕೊಳವೆಯೊಳಗಿನ ಗಾಳಿ ಅದಕ್ಕೆ ದನಿಗೊಡುತ್ತದೆ. ಬೇರೆಯಾಗಿರುವುದು ಉದ್ದ. ಅಷ್ಟು ಕೆಳಗಿನ ಮಂದ್ರ ಬೇಕಾದರೆ ಕೊಳವೆ ಸುಮಾರು ಎರಡೂವರೆ ಮೀಟರ್ ಇರಬೇಕು. ಅದನ್ನು ಮಡಚಿದಾಗ ವಾದ್ಯ ಸುಮಾರು 1.3 ಮೀಟರ್ ಎತ್ತರಕ್ಕೆ ಇಳಿಯುತ್ತದೆ. ರೀಡ್ ಕೂರುವ ಬಾಗಿದ ಲೋಹದ ನಳಿಗೆಯ ತುದಿಯಲ್ಲಿ ಒಳಗಿನ ಅಗಲ ಸುಮಾರು 4 ಮಿಲಿಮೀಟರ್. ಗಾಳಿ ವಿಂಗ್ ಎಂಬ ಭಾಗದಲ್ಲಿ ಕೆಳಗಿಳಿದು, ಬೂಟ್ ಎಂಬ ತಳಭಾಗದಲ್ಲಿ ತಿರುಗಿ, ಉದ್ದನೆಯ ಭಾಗದಲ್ಲಿ ಮೇಲೇರಿ ವಾದ್ಯದ ತೆರೆದ ತುದಿಯ ಹತ್ತಿರ ಬರುವಷ್ಟರಲ್ಲಿ ಕೊಳವೆ ಸುಮಾರು 4 ಸೆಂಟಿಮೀಟರಿಗೆ ಹಿಗ್ಗಿರುತ್ತದೆ. ಇಷ್ಟು ಉದ್ದದ ಕೊಳವೆಯಲ್ಲಿ ತೂತುಗಳನ್ನು ಅವುಗಳ ಸಹಜ ಜಾಗದಲ್ಲೇ ಕೊರೆದರೆ ಯಾವ ಮನುಷ್ಯನ ಬೆರಳೂ ಎಟುಕುವುದಿಲ್ಲ. ಹಳೆಯ ಕುಶಲಿಗಳು ಅದಕ್ಕೊಂದು ದಾರಿ ಕಂಡುಕೊಂಡರು. ವಿಂಗ್‌ನ ಮರವನ್ನು ಬೇಕೆಂದೇ ದಪ್ಪವಾಗಿ ಬಿಟ್ಟು, ಮೂರು ತೂತುಗಳನ್ನು ಓರೆಯಾಗಿ ಕೊರೆದರು. ಹೊರಮೈಯಲ್ಲಿ ಅವು ಎಡಗೈಯ ಮೂರು ಬೆರಳಿಗೆ ಸಿಗುವಷ್ಟು ಹತ್ತಿರ. ಒಳಗೆ ಕೊಳವೆಯನ್ನು ಸೇರುವ ಹೊತ್ತಿಗೆ ಒಂದರಿಂದೊಂದು ದೂರ. ಹೀಗೆ ತೂತು ತೂತಾಗಿ ಉಳಿಯದೆ ಕಿರಿದಾದ ಸುರಂಗವಾಯಿತು. ಬೆರಳಿನ ಅಳತೆಗೆ ಮಾಡಿಕೊಂಡ ಈ ರಾಜಿಯೇ ಮುಂದೆ ಎಲ್ಲ ವಿವಾದದ ಕೇಂದ್ರವಾಯಿತು.

ಓರೆ ತೂತಿನ ಉಪಾಯ ಬಸೂನಿಗಿಂತ ಹಳೆಯದು. 16ನೇ ಶತಮಾನದ ಡಲ್ಸಿಯನ್ ಎಂಬ ವಾದ್ಯದಲ್ಲಿ ಒಂದೇ ಮರದ ತುಂಡಿನಲ್ಲಿ ಎರಡು ಕೊಳವೆಗಳನ್ನು ಅಕ್ಕಪಕ್ಕ ಕೊರೆದು ಬುಡದಲ್ಲಿ ಸೇರಿಸುತ್ತಿದ್ದರು. 1619ರ ಹೊತ್ತಿಗೆ ಜರ್ಮನಿಯ ಮಿಖಾಯೆಲ್ ಪ್ರಿಟೋರಿಯಸ್ ತನ್ನ ಸಂಗೀತಕೋಶದಲ್ಲಿ ಅದರ ಇಡೀ ಕುಟುಂಬವನ್ನೇ ಚಿತ್ರಸಮೇತ ದಾಖಲಿಸಿದ. ಸ್ಪೇನ್ ಮೂಲದ ಬಾರ್ತೊಲೊಮೆ ದ ಸೆಲ್ಮಾ 1638ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಸಂಗ್ರಹದಲ್ಲಿ ಆ ವಾದ್ಯಕ್ಕೆಂದೇ ಬರೆದ ಕಠಿಣ ರಚನೆ ಸಿಗುತ್ತದೆ. ಚರ್ಚಿನ ಗಾಯಕರ ಮಂದ್ರಕ್ಕೆ ಆಸರೆಯಾಗಿ ನುಡಿಯುತ್ತಿದ್ದ ವಾದ್ಯ ಆಗಲೇ ಸ್ವತಂತ್ರವಾಗಿ ಮಾತಾಡಲು ಕಲಿತಿತ್ತು. 17ನೇ ಶತಮಾನದ ಉತ್ತರಾರ್ಧದಲ್ಲಿ ಒಂದೇ ತುಂಡಿನ ಬದಲು ಬಿಡಿಸಿ ಜೋಡಿಸಬಹುದಾದ ನಾಲ್ಕು ಭಾಗಗಳ ಬಸೂನು ಬಂತು. ನ್ಯೂರೆಂಬರ್ಗ್‌ನ ಯೋಹಾನ್ ಕ್ರಿಸ್ಟೋಫ್ ಡೆನ್ನರ್‌ನಂಥವರು ಭಾಗ ಭಾಗವಾಗಿ ಕೊರೆಯತೊಡಗಿದಾಗ ಒಳಕೊಳವೆಯನ್ನು ಹೆಚ್ಚು ನಯವಾಗಿ, ಹೆಚ್ಚು ಖಚಿತವಾಗಿ ತಿದ್ದುವುದು ಸಾಧ್ಯವಾಯಿತು. 18ನೇ ಶತಮಾನದ ಮೊದಲರ್ಧದಲ್ಲಿ ಅದಕ್ಕೆ ನಾಲ್ಕು ಕೀಗಳು ರೂಢಿಯಾದವು. ಉಳಿದ ಅರ್ಧಸ್ವರಗಳನ್ನೆಲ್ಲ ನುಡಿಸುವವನು ಅಡ್ಡ ಬೆರಳುಗಾರಿಕೆಯಿಂದ, ತುಟಿಯ ಹಿಡಿತದಿಂದ, ಉಸಿರಿನ ಒತ್ತಡದಿಂದ ಸಾಧಿಸಬೇಕಿತ್ತು.

ಇಷ್ಟು ಕಡಿಮೆ ಸಲಕರಣೆಯ ವಾದ್ಯಕ್ಕೆ ಬಂದ ಸಂಗೀತವನ್ನು ನೋಡಿದರೆ ಅದನ್ನು ಬಡ ವಾದ್ಯವೆಂದು ಕರೆಯುವ ಧೈರ್ಯ ಬರುವುದಿಲ್ಲ. ವೆನಿಸ್‌ನ ವಿವಾಲ್ಡಿ ಬಸೂನಿಗಾಗಿ 39 ಕನ್ಚರ್ಟೋಗಳನ್ನು ಬರೆದ; ಅವುಗಳಲ್ಲಿ ಎರಡು ಮಾತ್ರ ಅಪೂರ್ಣ. ಪಿಟೀಲನ್ನು ಬಿಟ್ಟರೆ ಬೇರಾವ ವಾದ್ಯಕ್ಕೂ ಅವನು ಇಷ್ಟು ಬರೆದಿಲ್ಲ. 1774ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ 18ರ ಹರೆಯದ ಮೊಜಾರ್ಟ್ ಬರೆದ ಬಸೂನ್ ಕನ್ಚರ್ಟೋ ಇವತ್ತಿಗೂ ಆರ್ಕೆಸ್ಟ್ರಾಗಳು ಬಸೂನ್ ವಾದಕರನ್ನು ಆರಿಸುವಾಗ ಕೇಳುವ ಮೊದಲ ಕೃತಿ. ಮಂದ್ರದಿಂದ ತಾರಕ್ಕೆ ಒಮ್ಮೆಲೇ ಹಾರುವ ಜಿಗಿತಗಳು, ಅವುಗಳ ಬೆನ್ನಿಗೇ ಹಾಡಿನಂತೆ ಹರಿಯುವ ಸಾಲುಗಳು ಅದರಲ್ಲಿವೆ. ಆ ದನಿಯ ಸ್ವಭಾವವನ್ನು ಮೊಜಾರ್ಟ್ ಚೆನ್ನಾಗಿ ಬಲ್ಲವನಾಗಿದ್ದ. ಒಂದು ಸ್ವರ ತುಂಬು ದನಿಯಲ್ಲಿ, ಪಕ್ಕದ್ದು ತುಸು ಮುಸುಕಿನಲ್ಲಿ ಬರುವ ವಾದ್ಯದಲ್ಲಿ ಪ್ರತಿ ಶ್ರುತಿಗೂ ಅದರದೇ ಬಣ್ಣವಿರುತ್ತದೆ. 18ನೇ ಶತಮಾನದ ರಚನಕಾರರು ಆ ಬಣ್ಣಗಳನ್ನು ಅರಿತೇ ಬರೆದರು, ಶ್ರುತಿಗಳನ್ನು ಅದಕ್ಕೆ ತಕ್ಕಂತೆ ಆರಿಸಿಕೊಂಡರು.

1800ರ ಆಚೀಚೆ ಬದಲಾದದ್ದು ಸಂಗೀತ. ಬೀಥೋವನ್ 1806ರ ನಾಲ್ಕನೇ ಸಿಂಫನಿಯ ಕೊನೆಯ ಭಾಗದಲ್ಲಿ ಬಸೂನಿಗೆ ಕೊಟ್ಟ ಮಿಂಚಿನ ವೇಗದ ಸಾಲು ಇಂದಿಗೂ ವಾದಕರ ಎದೆ ನಡುಗಿಸುತ್ತದೆ. ಸಂಗೀತ ಒಂದು ಶ್ರುತಿಯಿಂದ ದೂರದ ಇನ್ನೊಂದಕ್ಕೆ ಕ್ಷಣದಲ್ಲಿ ಜಾರತೊಡಗಿತು. ಮುಸುಕಿನ ಸ್ವರಗಳನ್ನು ಬದಿಗಿಡುವ ಸ್ವಾತಂತ್ರ್ಯ ರಚನಕಾರನಿಗೆ ಉಳಿಯಲಿಲ್ಲ. ಅರಮನೆಯ ಕೋಣೆಯಿಂದ ಸಂಗೀತ ಟಿಕೆಟ್ ಕೊಂಡು ಬರುವ ಜನರ ದೊಡ್ಡ ಸಭಾಂಗಣಕ್ಕೆ ಹೋಯಿತು, ತಂತಿವಾದ್ಯಗಳ ಸಂಖ್ಯೆ ಏರಿತು, ವಾಲ್ವ್ ಬಂದ ಮೇಲೆ ಹಿತ್ತಾಳೆಯ ವಾದ್ಯಗಳು ಎಲ್ಲ ಅರ್ಧಸ್ವರಗಳನ್ನೂ ಸಮನಾಗಿ ನುಡಿಯತೊಡಗಿದವು. ಅವುಗಳ ನಡುವೆ ಬಸೂನಿನ ಏರುಪೇರು ಎದ್ದು ಕಾಣತೊಡಗಿತು. ಕುಶಲಿಗಳು ಒಂದೊಂದಾಗಿ ಕೀಗಳನ್ನು ಸೇರಿಸಿದರು. ಆದರೆ ತೂತುಗಳ ಮೂಲ ಜಾಗ ಹಾಗೆಯೇ ಉಳಿದಿದ್ದರಿಂದ ಒಂದು ಸ್ವರ ಸರಿಹೋದರೆ ಇನ್ನೊಂದು ಕೆಡುತ್ತಿತ್ತು. ಸುಧಾರಣೆ ಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಎಷ್ಟು ಬೇಕು, ಯಾವ ತತ್ತ್ವದ ಮೇಲೆ ಬೇಕು ಎಂಬಲ್ಲಿ ಎರಡು ದಾರಿಗಳು ಕವಲೊಡೆದವು.

ಮೊದಲ ದಾರಿ ಹಿಡಿದವನು ಕಾರ್ಲ್ ಆಲ್ಮೆನ್ರೇಡರ್. 1786ರಲ್ಲಿ ಹುಟ್ಟಿದ ಇವನು ಮೊದಲಿಗೆ ವಾದಕ. ಮೈನ್ಜ್, ಫ್ರಾಂಕ್‌ಫರ್ಟ್‌ಗಳ ರಂಗಮಂದಿರಗಳಲ್ಲಿ ಬಸೂನ್ ನುಡಿಸಿದ್ದ, ಆಮೇಲೆ ನಸೌ ದೊರೆಯ ಆಸ್ಥಾನದ ಸಂಗೀತಗಾರನಾದ. ನ್ಯಾಯಾಧಿಕಾರಿಯೂ ಸಂಗೀತಶಾಸ್ತ್ರಜ್ಞನೂ ಆಗಿದ್ದ ಗಾಟ್‌ಫ್ರೀಡ್ ವೇಬರ್ ಸುಷಿರವಾದ್ಯಗಳ ಧ್ವನಿಶಾಸ್ತ್ರದ ಬಗ್ಗೆ ಬರೆದಿದ್ದ. ಆ ವಿಚಾರಗಳು ಆಲ್ಮೆನ್ರೇಡರ್‌ನ ತಲೆ ಹೊಕ್ಕವು. ಮೈನ್ಜ್‌ನ ಷಾಟ್ ಕಂಪನಿ ಸಂಗೀತ ಪ್ರಕಟಣೆಯ ಜೊತೆಗೆ ವಾದ್ಯಗಳನ್ನೂ ತಯಾರಿಸುತ್ತಿತ್ತು. ಅಲ್ಲಿ ಪ್ರಯೋಗ ಮಾಡಲು ಇವನಿಗೆ ಅವಕಾಶ ಸಿಕ್ಕಿತು. 1823ರ ಸುಮಾರಿಗೆ ಬಸೂನಿನ ಸುಧಾರಣೆಯ ಬಗ್ಗೆ ಅವನ ಪ್ರಬಂಧ ಹೊರಬಂತು. ಬೂಟ್ ಭಾಗದ ತೂತುಗಳ ಜಾಗ ಬದಲಿಸಿ ಹಿಗ್ಗಿಸಿದ, ಕೀಗಳನ್ನು ಹೊಸದಾಗಿ ಹಂಚಿದ. ಮುಂದೆ 1843ರಲ್ಲಿ ಅಚ್ಚಾದ ಅವನ ಪಠ್ಯಪುಸ್ತಕ ವಿವರಿಸುವ ವಾದ್ಯಕ್ಕೆ 17 ಕೀಗಳು. ವ್ಯಾಪ್ತಿ ನಾಲ್ಕು ಸ್ಥಾಯಿ. 1831ರಲ್ಲಿ ಷಾಟ್‌ನಲ್ಲಿ ಕೆಲಸ ಮಾಡುತ್ತಿದ್ದ ಯೋಹಾನ್ ಆಡಮ್ ಹೆಕೆಲ್ ಎಂಬ ಹತ್ತೊಂಬತ್ತರ ತರುಣನ ಜೊತೆಗೂಡಿ ಬೀಬ್ರಿಶ್‌ನಲ್ಲಿ ಸ್ವಂತ ಕಾರ್ಯಾಗಾರ ತೆರೆದ. ಒಬ್ಬ ನುಡಿಸುವವನು, ಒಬ್ಬ ಮಾಡುವವನು: ಈ ಜೋಡಿ ಮುಖ್ಯ. ಯಾವ ಸ್ವರ ಎಲ್ಲಿ ಮುಗ್ಗರಿಸುತ್ತದೆ ಎಂಬುದು ಆಲ್ಮೆನ್ರೇಡರ್‌ಗೆ ರಂಗಮಂದಿರದ ದಿನನಿತ್ಯದ ಅನುಭವದಿಂದ ಗೊತ್ತಿತ್ತು. ಅವನ ತಿದ್ದುಪಡಿಗಳು ಆ ಮುಗ್ಗರಿಕೆಗಳ ಪಟ್ಟಿಯಿಂದ ಹೊರಟವು. ವಿಂಗ್‌ನ ಓರೆ ಸುರಂಗಗಳನ್ನು ಅವನು ಕೈಬಿಡಲಿಲ್ಲ.

ಎರಡನೆಯ ದಾರಿ ಬೋಮ್‌ನದು. 1832ರಲ್ಲಿ, ಮತ್ತೆ 1847ರಲ್ಲಿ ಅವನು ಕೊಳಲನ್ನು ಬುಡದಿಂದ ಹೊಸದಾಗಿ ಕಟ್ಟಿದ. ತೂತುಗಳು ದೊಡ್ಡವಾದವು, ಲೆಕ್ಕ ಹೇಳಿದ ಜಾಗಕ್ಕೆ ಹೋದವು, ಪ್ರತಿ ಅರ್ಧಸ್ವರಕ್ಕೂ ತನ್ನದೇ ತೂತು ಸಿಕ್ಕಿತು. ಫಲ ಎಷ್ಟು ಬೆರಗಿನದೆಂದರೆ ಎಲ್ಲ ಸುಷಿರವಾದ್ಯಗಳಿಗೂ ಇದೇ ಮದ್ದು ಎಂಬ ನಂಬಿಕೆ ಹಬ್ಬಿತು. ಫ್ರಾನ್ಸಿನ ಬೆರ್ಲಿಯೋಜ್ ತನ್ನ ವಾದ್ಯಸಂಯೋಜನೆಯ ಪ್ರಸಿದ್ಧ ಗ್ರಂಥದಲ್ಲಿ ಬಸೂನಿನ ಶ್ರುತಿಶುದ್ಧತೆ ತೀರ ಸಾಲದೆಂದೂ, ಬೋಮ್ ಪದ್ಧತಿಯಿಂದ ಮಿಕ್ಕೆಲ್ಲ ವಾದ್ಯಗಳಿಗಿಂತ ಹೆಚ್ಚು ಲಾಭವಾಗುವುದು ಇದಕ್ಕೇ ಎಂದೂ ಅಭಿಪ್ರಾಯಪಟ್ಟಿದ್ದ. ತನ್ನ 1830ರ ಫ್ಯಾಂಟಾಸ್ಟಿಕ್ ಸಿಂಫನಿಗೆ ನಾಲ್ಕು ಬಸೂನುಗಳನ್ನು ಕೇಳಿದ್ದವನ ಮಾತು ಇದು. ವಾದ್ಯದ ಮೇಲೆ ಪ್ರೀತಿಯಿದ್ದೇ ಹೀಗೆ ಬಯಸಿದವನು ಅವನು. ಬಯಕೆ ಬಹುಬೇಗ ಕಾರ್ಯರೂಪಕ್ಕೂ ಬಂತು. ಸ್ಯಾಕ್ಸೊಫೋನಿನ ಜನಕ ಅಡಾಲ್ಫ್ ಸ್ಯಾಕ್ಸ್ 1851ರಲ್ಲಿ ಲೋಹದ ಬಸೂನಿಗೆ ಪೇಟೆಂಟ್ ಪಡೆದ. ಲಂಡನ್ನಿನ ಕಾರ್ನೆಲಿಯಸ್ ವಾರ್ಡ್ 1853ರಲ್ಲಿ ತನ್ನ ಮಾದರಿಗೆ ಪೇಟೆಂಟ್ ಪಡೆದ. 1855ರಲ್ಲಿ ಟ್ರಿಯೆಬೆರ್, ಮಾರ್ಜೋಲಿಯರ ವಾದ್ಯ ಬಂತು. ಐದೇ ವರ್ಷಗಳಲ್ಲಿ, ಯುರೋಪಿನ ಅತಿ ಚತುರ ಕೈಗಳಿಂದ ಬಂದ ಮೂರು ಪ್ರಯತ್ನಗಳು. ಮೂರರಲ್ಲಿ ಒಂದೂ ಆರ್ಕೆಸ್ಟ್ರಾದ ಬದುಕನ್ನು ಹೊಗಲಿಲ್ಲ.

ಶ್ರುತಿ ಸರಿಯಿತ್ತು, ಸ್ವರಗಳು ಸಮವಾಗಿದ್ದವು. ಕೇಳಿದವರ ದೂರು ಒಂದೇ: ಇದು ಬಸೂನಿನಂತೆ ಕೇಳುತ್ತಿಲ್ಲ. 19ನೇ ಶತಮಾನದಲ್ಲಿ ಈ ದೂರಿಗೆ ಅಭಿರುಚಿಯ ಹೊರತು ಬೇರೆ ಆಧಾರ ಕೊಡಲು ಸಾಧ್ಯವಿರಲಿಲ್ಲ. ಇಪ್ಪತ್ತನೇ ಶತಮಾನದ ಧ್ವನಿವಿಜ್ಞಾನ ಅದಕ್ಕೆ ಆಧಾರ ಒದಗಿಸಿತು. ಅಮೆರಿಕದ ಭೌತವಿಜ್ಞಾನಿ ಆರ್ಥರ್ ಬೆನೇಡ್ ತೋರಿಸಿಕೊಟ್ಟಂತೆ, ಸುಷಿರವಾದ್ಯದಲ್ಲಿ ತೆರೆದ ತೂತುಗಳ ಸಾಲು ಒಂದು ಸೋಸುವಿಕೆಯ ಕೆಲಸ ಮಾಡುತ್ತದೆ. ಒಂದು ಮಿತಿಗಿಂತ ಕೆಳಗಿನ ಕಂಪನಗಳು ಮೊದಲ ತೆರೆದ ತೂತಿನಲ್ಲೇ ತಿರುಗಿ ಬರುತ್ತವೆ, ಮಿತಿ ಮೀರಿದವು ತೂತುಗಳ ಸಾಲನ್ನು ದಾಟಿ ಕೊಳವೆಯುದ್ದಕ್ಕೂ ಸಾಗಿ ಹೊರಬೀಳುತ್ತವೆ. ತೂತು ಕಿರಿದಾದಷ್ಟೂ, ಸುರಂಗ ಉದ್ದವಾದಷ್ಟೂ, ಒಂದಕ್ಕೊಂದು ದೂರವಾದಷ್ಟೂ ಆ ಮಿತಿ ಕೆಳಗಿಳಿಯುತ್ತದೆ. ಓಬೋದಲ್ಲಿ ಅದು 1,000 ಹರ್ಟ್ಸ್‌ಗಿಂತ ಸಾಕಷ್ಟು ಮೇಲೆ. ಬಸೂನಿನಲ್ಲಿ ಸುಮಾರು 400 ಹರ್ಟ್ಸ್‌ನ ಆಸುಪಾಸು. ಯಾವ ಸ್ವರ ನುಡಿಸಿದರೂ ಬಸೂನಿನ ಶಕ್ತಿ ಸುಮಾರು 500 ಹರ್ಟ್ಸ್‌ನ ಸುತ್ತ ಗುಡ್ಡೆಯಾಗುತ್ತದೆ. ಮನುಷ್ಯ ‘ಓ’ ಎಂದಾಗ ಬಾಯಿ ಬಲಪಡಿಸುವ ವಲಯವೂ ಅದರ ನೆರೆಯದೇ. ಬಸೂನು ಮನುಷ್ಯರ ಕಂಠಕ್ಕೆ ಹತ್ತಿರವೆಂದು ಕೇಳುಗರು ಹೇಳುತ್ತ ಬಂದದ್ದಕ್ಕೆ ಇದೊಂದು ಗಟ್ಟಿ ಕಾರಣ. ಬೋಮ್ ತತ್ತ್ವದಂತೆ ತೂತುಗಳನ್ನು ಅಗಲವಾಗಿ, ಗಿಡ್ಡವಾಗಿ ಮಾಡಿದ ಕೂಡಲೇ ಆ ಮಿತಿ ಮೇಲೇರುತ್ತದೆ, ದನಿಯ ಹದ ಬದಲಾಗುತ್ತದೆ. ಬೆರಳಿಗಾಗಿ ಕೊರೆದ ಓರೆ ಸುರಂಗಗಳೇ ದನಿಯನ್ನು ಕಟ್ಟಿದ್ದವು. ಡಲ್ಸಿಯನ್ ಕಾಲದ ಕುಶಲಿಗೆ ಇದರ ಶಾಸ್ತ್ರ ಗೊತ್ತಿರಲಿಲ್ಲ. ಅದರ ಫಲ ಅವನ ಕಿವಿಗೆ ಗೊತ್ತಿತ್ತು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಹಣದ್ದು. ಬೋಮ್ ಬಗೆಯ ಬಸೂನು ವಿಪರೀತ ದುಬಾರಿಯಾಗಿತ್ತು, ಅದರ ಲೋಹದ ಜಾಲ ಬೇಗ ಕೆಡುವಂಥದ್ದು, ಬಸೂನ್ ವಾದಕರ ಮಾರುಕಟ್ಟೆ ಚಿಕ್ಕದು. ಹೀಗಿರುವಾಗ ದನಿಯ ಮಾತು ಏಕೆ, ಜೇಬಿನ ಮಾತೇ ಸಾಕಲ್ಲ ಎನ್ನಬಹುದು. ಇದರಲ್ಲಿ ನಿಜವಿದೆ, ಆದರೆ ಇಡೀ ನಿಜವಲ್ಲ. ಬೋಮ್‌ನ ಕೊಳಲೂ ಹಳೆಯ ಕೊಳಲಿಗಿಂತ ತುಂಬ ದುಬಾರಿಯಾಗಿತ್ತು, ಆದರೂ ಗೆದ್ದಿತು. ಮುಂದೆ ಹೆಕೆಲ್ ಬಸೂನಿನ ಕೀಗಳೂ 24ನ್ನು ದಾಟಿದವು. ಅದು ಅಗ್ಗವಾಗಿರಲಿಲ್ಲ, ಸರಳವೂ ಆಗಿರಲಿಲ್ಲ, ಆದರೂ ಆರ್ಕೆಸ್ಟ್ರಾಗಳು ಅದಕ್ಕಾಗಿ ಕಾದು ಕೊಂಡವು. ಇದಕ್ಕಿಂತ ಬಲವಾದ ಸಾಕ್ಷ್ಯ ಓಬೋ ಒದಗಿಸುತ್ತದೆ. ಓಬೋಗೂ 1840ರ ದಶಕದಲ್ಲೇ ಪೂರ್ತಿ ಬೋಮ್ ಮಾದರಿ ಬಂತು, ದನಿ ಬಿರುಸಾಯಿತೆಂದು ವಾದಕರು ಅದನ್ನು ದೂರವಿಟ್ಟರು. ಬೋಮ್‌ನಿಂದ ಯಂತ್ರಕೌಶಲ ಮಾತ್ರ ಎರವಲು ಪಡೆದು ಕಿರಿದಾದ ತೂತುಗಳನ್ನು ಉಳಿಸಿಕೊಂಡ ಪ್ಯಾರಿಸ್ ಕನ್ಸರ್ವೇಟರಿಯ ಮಾದರಿ ಗೆದ್ದಿತು. ಅದೇ ಟ್ರಿಯೆಬೆರ್ ಮನೆತನವೇ ಆ ಮಾದರಿಯನ್ನು ಬೆಳೆಸಿದ್ದು ಎಂಬುದು ಗಮನಿಸತಕ್ಕದ್ದು. ಜೋಡಿ ರೀಡಿನ ಎರಡೂ ವಾದ್ಯಗಳಲ್ಲಿ ಒಂದೇ ತೀರ್ಪು ಬಂದಿದೆ ಎಂದಮೇಲೆ ಕಾರಣ ಬೆಲೆಪಟ್ಟಿಯಾಚೆ ಇರಬೇಕು.

ಎರಡನೆಯ ಆಕ್ಷೇಪ ಇನ್ನೂ ಹರಿತವಾದದ್ದು. ಕೊಳಲೂ ತನ್ನ ಹಳೆಯ ದನಿಯನ್ನು ಕಳೆದುಕೊಂಡೇ ಹೊಸದಾಯಿತಲ್ಲ, ಕೇಳುಗರು ಒಪ್ಪಿದರಲ್ಲ. ಬಸೂನ್ ವಾದಕರು ಮಾತ್ರ ಒಪ್ಪದ್ದು ಕಲಿತ ಬೆರಳುಗಾರಿಕೆಯನ್ನು ಬಿಡಲಾರದ ಹಟವಲ್ಲವೇ? ಹಟವೆಂಬುದಕ್ಕೆ ಚರಿತ್ರೆಯ ಪುರಾವೆ ಸಾಲದು. ನಾಲ್ಕು ಕೀಗಳಿಂದ ಎಂಟಕ್ಕೆ, ಎಂಟರಿಂದ ಹದಿನೇಳಕ್ಕೆ, ಅಲ್ಲಿಂದ ಇಪ್ಪತ್ತನಾಲ್ಕಕ್ಕೆ ಮೂರು ನಾಲ್ಕು ತಲೆಮಾರಿನೊಳಗೆ ಸಾಗಿದವರು ಇದೇ ವಾದಕರು. ಇಂದಿನ ಬಸೂನಿನಲ್ಲಿ ಎಡಗೈಯ ಹೆಬ್ಬೆರಳೊಂದೇ ಎಂಟು ಒಂಬತ್ತು ಕೀಗಳನ್ನು ನೋಡಿಕೊಳ್ಳುತ್ತದೆ. ಬೇರಾವ ಸುಷಿರವಾದ್ಯವೂ ಒಂದು ಹೆಬ್ಬೆರಳಿನ ಮೇಲೆ ಇಷ್ಟು ಹೊರೆ ಹೇರುವುದಿಲ್ಲ. ಆ ಹೊರೆಯನ್ನು ಹೊತ್ತವರನ್ನು ಸೋಮಾರಿಗಳೆನ್ನಲು ಬರುವುದಿಲ್ಲ. ಕೊಳಲಿಗೂ ಬಸೂನಿಗೂ ಆರ್ಕೆಸ್ಟ್ರಾದಲ್ಲಿರುವ ಕೆಲಸವೇ ಬೇರೆ ಎಂಬುದನ್ನೂ ನೋಡಬೇಕು. ಎಲ್ಲರ ಮೇಲೆ ತೇಲುವ ಕೊಳಲಿಗೆ ಹೆಚ್ಚಿನ ದನಿ, ಹೆಚ್ಚಿನ ಹೊಳಪು ನೇರ ಲಾಭ. ಬಸೂನಿನ ಬದುಕು ನಡುವಿನಲ್ಲಿ: ಒಮ್ಮೆ ಚೆಲ್ಲೋಗಳ ಸಾಲಿಗೆ ಅಂಚು ಕೊಡುತ್ತದೆ, ಒಮ್ಮೆ ಹಾರ್ನ್‌ಗಳ ಜೊತೆ ಸೇರಿ ಅವುಗಳಲ್ಲೊಂದಾಗುತ್ತದೆ, ಇನ್ನೊಮ್ಮೆ ಓಬೋ, ಕ್ಲಾರಿನೆಟ್‌ಗಳ ಕೆಳಗೆ ನೆಲವಾಗುತ್ತದೆ. ಬೆರೆಯುವ ಆ ಗುಣವನ್ನು ಕೊಟ್ಟು ಹೊಳಪನ್ನು ಕೊಳ್ಳುವುದು ಬಸೂನಿಗೆ ನಷ್ಟದ ವ್ಯಾಪಾರ. ವಾದಕರು ಬೇಡವೆಂದದ್ದು ಲಾಭನಷ್ಟ ತೂಗಿ ನೋಡಿದ ಮೇಲೆ.

ಮೂರನೆಯ ಆಕ್ಷೇಪವನ್ನು ಫ್ರಾನ್ಸಿನವರೇ ಎತ್ತುತ್ತಾರೆ, ಮತ್ತು ಅದಕ್ಕೆ ಹೆಚ್ಚಿನ ಗೌರವ ಸಲ್ಲಬೇಕು. ಹೆಕೆಲ್ ದನಿಯನ್ನು ಉಳಿಸಿದ ಎನ್ನುವುದೇ ತಪ್ಪು, ಅವನೂ ಹಳೆಯ ಬಸೂನನ್ನು ಬದಲಿಸಿದ. ನಿಜವಾದ ವಾರಸುದಾರ ಫ್ರೆಂಚ್ ಬಸೂನು ಎಂಬುದು ಅವರ ಮಾತು. ಪ್ಯಾರಿಸ್‌ನಲ್ಲಿ ಸವಾರಿ ಎಂಬ ತಯಾರಕನ ವಾದ್ಯಗಳಿಂದ ಬೆಳೆದು, ಕನ್ಸರ್ವೇಟರಿಯ ಪ್ರಾಧ್ಯಾಪಕ ಯುಜೀನ್ ಜಾಂಕೂರ್ ಮತ್ತು ಬುಫೆ ಕ್ರಾಂಪೋನ್ ಕಂಪನಿ ಸೇರಿ 1879ರ ಹೊತ್ತಿಗೆ 22 ಕೀಗಳಲ್ಲಿ ನೆಲೆಗೊಳಿಸಿದ ಮಾದರಿ ಅದು. ಜರ್ಮನ್ ಬಸೂನು ಮೇಪಲ್ ಮರದ್ದಾದರೆ ಫ್ರೆಂಚ್ ಬಸೂನು ನಮ್ಮ ಬೀಟೆಯ ದಾಯಾದಿಯಾದ ಬ್ರೆಜಿಲ್ ಮರದ್ದು. ಒಳಕೊಳವೆ ಕಿರಿದು, ದನಿ ಹೆಚ್ಚು ಹಾಡುವಂಥದ್ದು, ತಾರಸ್ಥಾಯಿ ಸುಲಭ. 1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ಸ್ಟ್ರಾವಿನ್‌ಸ್ಕಿಯ ‘ವಸಂತದ ವಿಧಿ’ ಮೊದಲ ಬಾರಿ ನಡೆದಾಗ ಅದನ್ನು ಆರಂಭಿಸಿದ ಆ ಎತ್ತರದ ಒಂಟಿ ದನಿ ಫ್ರೆಂಚ್ ಬಸೂನಿನದು; ಸಾಂ ಸಾನ್ಸ್ 1921ರಲ್ಲಿ, ಬದುಕಿನ ಕೊನೆಯ ವರ್ಷ, ಬರೆದ ಸೊನಾಟಾ ಕೂಡ ಅದಕ್ಕೇ. ಇಂಥ ವಾದ್ಯ ಹಿಂದೆ ಸರಿದದ್ದನ್ನು ಯಾವ ಸಂಗೀತಪ್ರೇಮಿಯೂ ಗೆಲುವೆಂದು ಕೊಂಡಾಡಬಾರದು. ಆದರೆ ಗಮನಿಸಬೇಕಾದ್ದು, ಈ ಫ್ರೆಂಚ್ ವಾದ್ಯವೂ ಬೋಮ್ ದಾರಿ ಹಿಡಿದದ್ದಲ್ಲ. ಹಳೆಯ ಒಡಲನ್ನು ಜರ್ಮನ್ ಬಸೂನಿಗಿಂತಲೂ ಕಡಿಮೆ ಮುಟ್ಟಿದ ವಾದ್ಯ ಅದು. ಜರ್ಮನಿಯೂ ಫ್ರಾನ್ಸೂ ಬಸೂನಿನ ವಿಷಯದಲ್ಲಿ ಜಗಳವಾಡಿದ್ದು ಎಷ್ಟು ತಿದ್ದಬೇಕು ಎಂಬುದರ ಬಗ್ಗೆ. ಬುಡ ಕೀಳಬಾರದು ಎಂಬುದರಲ್ಲಿ ಇಬ್ಬರೂ ಒಂದೇ.

ಹೆಕೆಲ್ ಮನೆತನದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಆಲ್ಮೆನ್ರೇಡರ್‌ನ ಮೊದಲ ವಾದ್ಯಗಳ ದನಿ ಗಡುಸೆಂಬ ಟೀಕೆ ಜರ್ಮನಿಯಲ್ಲೇ ಬಂತು. ಅವನು ತೀರಿಕೊಂಡ ಮೇಲೆ ಆಡಮ್ ಹೆಕೆಲ್, ಅನಂತರ ಮಗ ವಿಲ್ಹೆಲ್ಮ್ ಹೆಕೆಲ್ ಆ ವಾದ್ಯವನ್ನು ದಶಕಗಟ್ಟಲೆ ಮತ್ತೆ ಮತ್ತೆ ತಿದ್ದಿದರು. ತೂತುಗಳ, ಒಳಕೊಳವೆಯ ಅಳತೆಗಳನ್ನು ದನಿ ಮೃದುವಾಗುವ ತನಕ ಹದಗೊಳಿಸಿದರು. 19ನೇ ಶತಮಾನದ ಕೊನೆಗೆ ಉಸಿರಿನ ತೇವದಿಂದ ಮರ ಕೊಳೆಯದಂತೆ ವಿಂಗ್‌ನ ಒಳಗೆ ಗಟ್ಟಿ ರಬ್ಬರಿನ ಒಳಪದರ ಕೊಟ್ಟರು. 1862ರಲ್ಲಿ ರಚನಕಾರ ವಾಗ್ನರ್ ಇದೇ ಬೀಬ್ರಿಶ್‌ನಲ್ಲಿ ಮನೆ ಮಾಡಿದ್ದ. ಅವನಿಗೂ ಈ ಕಾರ್ಯಾಗಾರಕ್ಕೂ ಬೆಳೆದ ನಂಟು ಅದರ ಕೀರ್ತಿಗೆ ನೆರವಾಯಿತು. ಲೈಪ್ಜಿಗ್‌ನ ಯೂಲಿಯಸ್ ವೈಸೆನ್‌ಬಾರ್ನ್ 1880ರ ದಶಕದಲ್ಲಿ ಬರೆದ ಪಠ್ಯಪುಸ್ತಕ ಹೊಸ ತಲೆಮಾರಿನ ಕೈಗಳನ್ನು ತರಬೇತುಗೊಳಿಸಿತು. 1893ರಲ್ಲಿ ಕ್ರುಸ್ಪೆ ಎಂಬ ತಯಾರಕ ಬೆರಳುಗಾರಿಕೆಯನ್ನೇ ಹೊಸದಾಗಿ ಕಟ್ಟಲು ಹೊರಟಾಗ ಅದೂ ನಿಲ್ಲಲಿಲ್ಲ. ಅರ್ಧ ಸುಧಾರಣೆ ಎಂದರೆ ಅರೆಮನಸ್ಸಿನ ಸುಧಾರಣೆಯಲ್ಲ ಎಂಬುದಕ್ಕೆ ಬೀಬ್ರಿಶ್‌ನ ಈ ದೀರ್ಘ ದುಡಿಮೆ ಸಾಕ್ಷಿ. ಮುಂದಕ್ಕೆ ಇಟ್ಟ ಹೆಜ್ಜೆಯನ್ನು ಕಿವಿ ಒಪ್ಪದಿದ್ದರೆ ಹಿಂದಕ್ಕೆ ತೆಗೆಯುವ ಧೈರ್ಯವೂ ಅವರಿಗಿತ್ತು.

ಹಾಗಾದರೆ ಎರಡು ಮಿತ ಸುಧಾರಣೆಗಳಲ್ಲಿ ಜರ್ಮನ್ ಮಾದರಿ ಏಕೆ ಗೆದ್ದಿತು? ಇಲ್ಲಿ ದನಿಯೊಂದರಿಂದಲೇ ಉತ್ತರ ಸಿಗುವುದಿಲ್ಲವೆಂದು ಒಪ್ಪಬೇಕು. ಸ್ವರಗಳು ಹೆಚ್ಚು ಭದ್ರ, ದೊಡ್ಡ ಸಭಾಂಗಣದಲ್ಲಿ ಹೆಚ್ಚು ನಂಬಿಕೆಗೆ ಅರ್ಹ ಎಂಬ ಗುಣದ ಜೊತೆಗೆ ಮನುಷ್ಯರ ಓಡಾಟವೂ ಕೆಲಸ ಮಾಡಿತು. ಇಂಗ್ಲೆಂಡ್ 20ನೇ ಶತಮಾನದ ಆರಂಭದವರೆಗೂ ಫ್ರೆಂಚ್ ಬಸೂನಿನ ನಾಡು. 1899ರಲ್ಲಿ ಮ್ಯಾಂಚೆಸ್ಟರ್‌ನ ಹಾಲೆ ಆರ್ಕೆಸ್ಟ್ರಾದ ಹೊಣೆ ಹೊತ್ತ ಹಾನ್ಸ್ ರಿಕ್ಟರ್ ಜರ್ಮನ್ ಬಸೂನ್ ನುಡಿಸುವವರನ್ನು ಕರೆತಂದ. ಅಲ್ಲಿ ಕಲಿತ ಆರ್ಚಿ ಕ್ಯಾಮ್ಡೆನ್ 1926ರಲ್ಲಿ ಮೊಜಾರ್ಟ್ ಕನ್ಚರ್ಟೋವನ್ನು ಧ್ವನಿಮುದ್ರಿಸಿದ. 1930ರಲ್ಲಿ ನಿರ್ದೇಶಕ ಟೊಸ್ಕನಿನಿಯ ಜೊತೆ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಲಂಡನ್ನಿಗೆ ಬಂದು ಹೋದ ಮೇಲೆ ಅಲ್ಲಿನ ವಾದಕರು ಸಾಲುಸಾಲಾಗಿ ವಾದ್ಯ ಬದಲಿಸಿದರು. ಈ ಅಲೆಗೆ ಬಾಗದೆ ನಿಂತವರಲ್ಲಿ ಸೆಸಿಲ್ ಜೇಮ್ಸ್ ಪ್ರಮುಖರು. ಅವರು 1950ರ ದಶಕದಲ್ಲಿ ಫ್ರೆಂಚ್ ಬಸೂನ್ ಹಿಡಿದು ಮೊದಲ ಪೀಠದಲ್ಲಿ ಕೂತದ್ದು ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದಲ್ಲಿ. ಆ ಸಂಸ್ಥೆಯ ಜೊತೆ ಕನ್ನಡನಾಡಿಗೆ ನಿಜವಾದ ಸಂಬಂಧವಿದೆ: ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು, ಯುದ್ಧಾನಂತರದ ಕಷ್ಟದ ವರ್ಷಗಳಲ್ಲಿ ಅದಕ್ಕೆ ಹಣದ ಆಸರೆ ಕೊಟ್ಟವರು. ಮೈಸೂರಿನ ನೆರವಿನಿಂದ ಕಾಲೂರಿದ ಆರ್ಕೆಸ್ಟ್ರಾದ ಆ ಕಾಲದ ಧ್ವನಿಮುದ್ರಿಕೆಗಳಲ್ಲಿ, ಇಂಗ್ಲೆಂಡಿನಿಂದ ಮರೆಯಾಗುತ್ತಿದ್ದ ಬಸೂನ್ ದನಿಯೊಂದು ಉಳಿದುಕೊಂಡಿದೆ. 1970ರ ದಶಕದಿಂದ ಫ್ರಾನ್ಸಿನಲ್ಲೂ ಆರ್ಕೆಸ್ಟ್ರಾಗಳು ಒಂದೊಂದಾಗಿ ಜರ್ಮನ್ ಮಾದರಿಗೆ ತಿರುಗಿದವು.

ಬೋಮ್ ಕಾಲದಲ್ಲಿ ಯಂತ್ರಕೌಶಲ ಸಾಲದೆ ಹೋಯಿತು, ಇಂದಿನ ತಂತ್ರಜ್ಞಾನವಿದ್ದರೆ ಪೂರ್ತಿ ಸುಧಾರಣೆ ಗೆಲ್ಲುತ್ತಿತ್ತು ಎಂಬ ಕೊನೆಯ ವಾದಕ್ಕೂ ಚರಿತ್ರೆ ಉತ್ತರ ಕೊಟ್ಟಿದೆ. ಇಂಗ್ಲೆಂಡಿನ ಶರೀರವಿಜ್ಞಾನಿ ಜೈಲ್ಸ್ ಬ್ರಿಂಡ್ಲಿ 1960ರ ದಶಕದಲ್ಲಿ ವಿದ್ಯುತ್ತಿನಿಂದ ನಡೆಯುವ ಕೀಗಳ ‘ತಾರ್ಕಿಕ ಬಸೂನು’ ರೂಪಿಸಿದರು. ಬೆರಳುಗಾರಿಕೆ ಅತಿ ಸರಳ. ಯಾವ ತೂತು ತೆರೆಯಬೇಕು, ಯಾವುದು ಮುಚ್ಚಬೇಕು ಎಂಬ ಲೆಕ್ಕವನ್ನು ವಿದ್ಯುತ್ ಮಂಡಲವೇ ನೋಡಿಕೊಳ್ಳುತ್ತಿತ್ತು. ಬುದ್ಧಿವಂತಿಕೆಯ ದೃಷ್ಟಿಯಿಂದ ಅದು ಮೆಚ್ಚತಕ್ಕ ಸಾಧನೆ. ಆದರೂ ಆರ್ಕೆಸ್ಟ್ರಾಗಳು ಅದನ್ನು ಬಯಸಲಿಲ್ಲ. ಬಸೂನ್ ವಾದಕನಿಗೆ ಬೆರಳಿನ ತೊಡಕು ಬರೀ ಹೊರೆಯಲ್ಲ. ಅದು ಕೆಲಸದ ಸಾಧನ ಕೂಡ. ಒಂದೇ ಸ್ವರಕ್ಕೆ ಎರಡು ಮೂರು ಬೆರಳುಗಾರಿಕೆ ಇದ್ದಾಗ ಒಂದು ಬೆಳಕಾಗಿ, ಒಂದು ಮುಸುಕಾಗಿ, ಒಂದು ಶ್ರುತಿಯಲ್ಲಿ ಕೂದಲೆಳೆ ಮೇಲಾಗಿ ಬರುತ್ತದೆ. ಪಕ್ಕದ ಹಾರ್ನ್ ಯಾವ ಶ್ರುತಿಯಲ್ಲಿದೆ, ರೀಡ್ ಇವತ್ತು ಹೇಗಿದೆ ಎಂಬುದನ್ನು ಕೇಳಿ ವಾದಕ ಆ ಕ್ಷಣಕ್ಕೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾನೆ. ಆ ಆಯ್ಕೆಯನ್ನು ಯಂತ್ರಕ್ಕೆ ಒಪ್ಪಿಸಿದರೆ ತಪ್ಪುಗಳ ಜೊತೆಗೆ ಆಯ್ಕೆಯೂ ಹೋಗುತ್ತದೆ.

ಇಷ್ಟರಿಂದ ಸುಧಾರಣೆಯೇ ಬೇಡವಿತ್ತು ಎಂಬ ತೀರ್ಮಾನಕ್ಕೆ ಬರುವುದು ಚರಿತ್ರೆಗೆ ಮಾಡುವ ಅನ್ಯಾಯ. ಆಲ್ಮೆನ್ರೇಡರ್ ಕೈ ಹಾಕದಿದ್ದರೆ, ಹೆಕೆಲ್‌ಗಳು ಎರಡು ತಲೆಮಾರು ದುಡಿಯದಿದ್ದರೆ, 1893ರಲ್ಲಿ ಚೈಕೋವ್‌ಸ್ಕಿ ತನ್ನ ಕೊನೆಯ ಸಿಂಫನಿಯನ್ನು ಬಸೂನಿನ ತಳದ ಸ್ವರಗಳಿಂದ ಆರಂಭಿಸಿದಾಗ ಆ ಭಾರವನ್ನು ಹೊರಬಲ್ಲ ವಾದ್ಯಗಳು ಯುರೋಪಿನ ಆರ್ಕೆಸ್ಟ್ರಾಗಳಲ್ಲಿ ಇಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ. ಹಳೆಯದೆಲ್ಲ ಪವಿತ್ರ ಎನ್ನುವವರು ಬಸೂನನ್ನು ಉಳಿಸುತ್ತಿರಲಿಲ್ಲ, ಸಂಗ್ರಹಾಲಯಕ್ಕೆ ಸೇರಿಸುತ್ತಿದ್ದರು. ಬೋಮ್‌ನ ಅನುಯಾಯಿಗಳಿಗೂ ನಾವು ಋಣಿಗಳಾಗಿರಬೇಕು. ಬಸೂನಿನ ದನಿ ಎಲ್ಲಿ ನೆಲೆಸಿದೆ ಎಂಬುದು ಅವರ ಸೋಲಿನಿಂದಲೇ ಮೊದಲು ಬಯಲಾಯಿತು. ಆದರೆ ಎರಡು ದಾರಿಗಳ ನಡುವಿನ ಭೇದ ಸ್ಪಷ್ಟ. ಒಂದು ದಾರಿ ವಾದ್ಯವನ್ನು ಪರಿಹರಿಸಬೇಕಾದ ಲೆಕ್ಕವೆಂದು ಕಂಡಿತು. ಇನ್ನೊಂದು, ನುಡಿಸುವ ಕೈಗಳೂ ಕೇಳುವ ಕಿವಿಗಳೂ ಇನ್ನೂರು ಮುನ್ನೂರು ವರ್ಷ ಕೂಡಿಟ್ಟ ತಿಳಿವಳಿಕೆ ಈ ಮರದ ಓರೆ ತೂತುಗಳಲ್ಲಿದೆ, ಅದರ ಕಾರಣ ನಮಗಿನ್ನೂ ಗೊತ್ತಿಲ್ಲದಿದ್ದರೂ ಅದಕ್ಕೆ ಬೆಲೆಯಿದೆ ಎಂದು ನಂಬಿತು. ವಿಜ್ಞಾನ ಆ ನಂಬಿಕೆಗೆ ಕಾರಣ ಒದಗಿಸಿದ್ದು ನೂರು ವರ್ಷಗಳ ನಂತರ. ನಾದದ ಯಾವುದೇ ಸಾಧನವನ್ನು ತಿದ್ದಲು ಹೊರಟವರು ಬೀಬ್ರಿಶ್‌ನಿಂದ ಕಲಿಯಬೇಕಾದ್ದು ಇದು: ತಿದ್ದುವ ಮುನ್ನ ದೋಷದ ಜೊತೆ ಇನ್ನೇನು ಹೆಣೆದುಕೊಂಡಿದೆ ಎಂದು ಕೇಳಿ ನೋಡಬೇಕು, ತಿದ್ದಿದ ಮೇಲೆ ಮತ್ತೆ ಕೇಳಬೇಕು, ಕಿವಿ ಬೇಡವೆಂದರೆ ಹಿಂದಕ್ಕೆ ಬರಬೇಕು.